ಹೆಚ್ಚುವರಿ ಅವಧಿ (ಅಮೆರಿಕನ್ ಫುಟ್‌ಬಾಲ್)

ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ಪಂದ್ಯ ನಿಗದಿತ 60 ನಿಮಿಷಗಳಲ್ಲಿ ಸಮಬಲವಾದಾಗ ಆಡಿಸುವ ಅವಧಿ. 1958ರ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಬಾಲ್ಟಿಮೋರ್ ಕೋಲ್ಟ್ಸ್‌ನ ಅಲನ್ ಅಮೀಚಿ ಒಂದು ಗಜ ದೂರದಿಂದ ನುಗ್ಗಿ, ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ 23–17ರ ಗೆಲುವು ತಂದದ್ದು ಇಂಥ ಅವಧಿಯಲ್ಲೇ. ಲೀಗ್ ಹಂತಕ್ಕೆ ಈ ನಿಯಮ ಬಂದದ್ದು 1974ರಲ್ಲಿ. ಆಗ ಮೊದಲು ಅಂಕ ಗಳಿಸಿದ ತಂಡವೇ ವಿಜಯಿ. ಟಾಸ್ ಗೆದ್ದವರಿಗೇ ಅನುಕೂಲವೆಂಬ ಟೀಕೆಯಿಂದಾಗಿ, ಮೊದಲ ಸರದಿಯ ಫೀಲ್ಡ್ ಗೋಲ್‌ಗೆ ಪಂದ್ಯ ಮುಗಿಯದಂತೆ 2010ರಲ್ಲಿ ಪ್ಲೇಆಫ್‌ಗೂ 2012ರಲ್ಲಿ ಲೀಗ್ ಹಂತಕ್ಕೂ ನಿಯಮ ತಿದ್ದಲಾಯಿತು. ಟಚ್‌ಡೌನ್ ಆದರೆ ಮಾತ್ರ ಮುಗಿಯುತ್ತಿತ್ತು. 2022ರ ಜನವರಿಯಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ಹೀಗೆಯೇ 42–36ರಿಂದ ಗೆದ್ದಾಗ ಬಫಲೋ ಬಿಲ್ಸ್‌ಗೆ ಹೆಚ್ಚುವರಿ ಅವಧಿಯಲ್ಲಿ ದಾಳಿಯ ಸರದಿಯೇ ಸಿಗಲಿಲ್ಲ. ಅದೇ ವರ್ಷ ಪ್ಲೇಆಫ್‌ನಲ್ಲಿ, 2025ರಿಂದ ಲೀಗ್ ಹಂತದಲ್ಲೂ, ಮೊದಲ ತಂಡ ಟಚ್‌ಡೌನ್ ಗಳಿಸಿದರೂ ಎದುರಾಳಿಗೆ ಒಂದು ಸರದಿ ಕೊಡುವ ನಿಯಮ ಬಂತು. ಲೀಗ್ ಹಂತದ ಅವಧಿ 10 ನಿಮಿಷ (2017ಕ್ಕೆ ಮುನ್ನ 15). ಬಳಿಕವೂ ಅಂಕ ಸಮವಿದ್ದರೆ ಪಂದ್ಯ ಟೈ. ಪ್ಲೇಆಫ್‌ನಲ್ಲಿ ಗೆಲುವು ನಿರ್ಧಾರವಾಗುವವರೆಗೆ ಆಟ ನಡೆಯುತ್ತದೆ.