ಚಿತ್ರಸಂಗೀತವೂ ಪ್ರೋಗ್ರೆಸಿವ್ ರಾಕೂ

ಗ್ರೀಸಿನ ವ್ಯಾಂಗೆಲಿಸ್ (1943–2022) ಎಂದೊಡನೆ ತಮಗೆ ನೆನಪಾಗುವುದು ‘ಚಾರಿಯಟ್ಸ್ ಆಫ್ ಫೈರ್’ ಚಿತ್ರದ ಓಟದ ಸಂಗೀತವಷ್ಟೆ; 1982ರಲ್ಲಿ ಅದಕ್ಕೆ ಆಸ್ಕರ್ ಸಂದಿತು. ಆದರೆ 1972ರಲ್ಲಿಯೇ ಆತನ ಆಫ್ರೊಡೈಟೀಸ್ ಚೈಲ್ಡ್ ತಂಡದ ‘666’ ಹೊರಬಂದಿತ್ತು: ಬೈಬಲಿನ ಪ್ರಕಟನೆ ಗ್ರಂಥದಿಂದ ಹೊರಟು ಎರಡು ತಟ್ಟೆಗಳ ತುಂಬ ಹರಡಿದ ಒಂದೇ ಕಲ್ಪನೆ. ಅದು ಪ್ರೋಗ್ರೆಸಿವ್ ರಾಕ್ ಎಂಬುದರಲ್ಲಿ ವಾದವಿಲ್ಲ. ಚಿತ್ರಸಂಗೀತವೂ ಹಾಗೆಯೇ? ಸ್ವರಲಿಪಿಯ ಹಂಗಿಲ್ಲದೆ, ತೆರೆಯನ್ನು ನೋಡುತ್ತಲೇ ಸಿಂಥಸೈಜರ್ ನುಡಿಸುತ್ತ ಕಟ್ಟಿದ್ದು ಅದು. ಕೈ ಅದೇ, ನಿಜ. ಆದರೆ ಅಳತೆಗೋಲು ದೃಶ್ಯದ್ದು. ಆ ಪಂಥದವರಿಗಾದರೋ ಕೃತಿಯ ಅಳತೆಯನ್ನು ಕೃತಿಯೇ ಗೊತ್ತುಮಾಡಬೇಕು. ಆದ್ದರಿಂದ ಅಲ್ಲವೆಂದೇ ನನ್ನ ಮತ. ಹಾಗೆಂದು ಸುಮ್ಮನಾಗಬೇಡಿ, ಆ ಚಿತ್ರದ 1981ರ ತಟ್ಟೆಯನ್ನು ಮಗುಚಿ ಹಾಕಿ. ಎರಡನೆಯ ಮುಖದಲ್ಲಿ ಇಪ್ಪತ್ತು ನಿಮಿಷ ಮೀರಿದ ಒಂದೇ ಕೃತಿಯಿದೆ. ಅಷ್ಟು ಹರವನ್ನು ಯಾವ ಓಟದ ದೃಶ್ಯವೂ ಬೇಡಿರಲಿಲ್ಲ.