ಕಲ್ಪಿತ ಗಣಕ, ನಿಜವಾದ ಡಿಸ್ಕ್

ಒಂದು ಗಣಕದೊಳಗೆ ಹಲವು ಗಣಕಗಳನ್ನು ನಡೆಸುವ ತಂತ್ರ ನಿಮಗೆ ಪರಿಚಿತವಿರಬಹುದು. ಯಂತ್ರಾಂಶ ಒಂದೇ. ತಂತ್ರಾಂಶವೊಂದು ಅದನ್ನು ಪಾಲು ಮಾಡಿ, ಪ್ರತಿ ಪಾಲಿಗೂ ತಾನೇ ಒಂದು ಪೂರ್ಣ ಗಣಕ ಎಂಬ ಭ್ರಮೆ ಹುಟ್ಟಿಸುತ್ತದೆ. ಇಂಥ ಪಾಲಿಗೆ ವರ್ಚುಯಲ್ ಮೆಷೀನ್ ಎಂದು ಹೆಸರು. ನಾವು ಅದನ್ನು ಕಲ್ಪಿತ ಗಣಕ ಎಂದೂ, ಅದನ್ನು ಹೊತ್ತಿರುವ ನಿಜವಾದ ಯಂತ್ರವನ್ನು ಆತಿಥೇಯ ಗಣಕ ಎಂದೂ ಕರೆಯೋಣ.

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಂಥ ಹೋಬಳಿ ಕೇಂದ್ರದಲ್ಲಿ ಒಬ್ಬ ವಿಜ್ಞಾನ ಶಿಕ್ಷಕರು ಹಳೆಯ ಗಣಕವೊಂದಕ್ಕೆ ಲಿನಕ್ಸ್ ಹಾಕಿ ಮನೆಯಲ್ಲಿಯೇ ಸರ್ವರ್ ಮಾಡಿಕೊಂಡಿದ್ದಾರೆ ಎಂದು ಊಹಿಸಿಕೊಳ್ಳಿ. ಅದರಲ್ಲಿ ಮೂರು ಕಲ್ಪಿತ ಗಣಕಗಳಿವೆ. ಒಂದು ಮಕ್ಕಳ ಪ್ರೋಗ್ರಾಮಿಂಗ್ ಅಭ್ಯಾಸಕ್ಕೆ, ಇನ್ನೊಂದು ಗ್ರಂಥಾಲಯದ ಪಟ್ಟಿಗೆ, ಮತ್ತೊಂದು ಅಂಕಗಳ ದಾಖಲೆಗೆ. ಪ್ರೊಸೆಸರ್ ಸಾಕಷ್ಟು ಚುರುಕಾಗಿದೆ, ಮೆಮೊರಿಯೂ ಖಾಲಿ ಇದೆ. ಆದರೂ ಕಲ್ಪಿತ ಗಣಕದಲ್ಲಿ ಒಂದು ಕಡತ ಉಳಿಸಲು ಹೋದರೆ ಪರದೆ ಸ್ತಬ್ಧವಾಗುತ್ತದೆ. ಅದೇ ಕಡತವನ್ನು ಆತಿಥೇಯ ಗಣಕದಲ್ಲಿ ನಕಲು ಮಾಡಿದರೆ ಕ್ಷಣದಲ್ಲಿ ಮುಗಿಯುತ್ತದೆ. ಸಮಯ ಎಲ್ಲಿ ಹೋಗುತ್ತಿದೆ?

ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸುಮಾರು ಎಪ್ಪತ್ತು ವರ್ಷಗಳ ಚರಿತ್ರೆಯಲ್ಲಿ ಒಂದರ ಮೇಲೊಂದು ಕುಳಿತ ಪದರಗಳು ಇದರಲ್ಲಿ ಸೇರಿಕೊಂಡಿವೆ. ಅವುಗಳಲ್ಲಿ ಕೆಲವು ವ್ಯರ್ಥವಾದ ನಿಧಾನ, ಅವನ್ನು ತೆಗೆದುಹಾಕಬಹುದು. ಇನ್ನು ಕೆಲವು ಪ್ರಾಮಾಣಿಕವಾದ ನಿಧಾನ, ಅವನ್ನು ತೆಗೆದರೆ ದತ್ತಾಂಶವೇ ಹೋದೀತು. ಎರಡನ್ನೂ ಬೇರ್ಪಡಿಸಲು ಚರಿತ್ರೆಯ ತಿಳಿವಳಿಕೆ ನೆರವಾಗುತ್ತದೆ.

ತಿರುಗುವ ತಟ್ಟೆಯ ಮಿತಿ

ಐಬಿಎಂ ಸಂಸ್ಥೆ 1956ರಲ್ಲಿ ರಾಮ್ಯಾಕ್ ಎಂಬ ಗಣಕವನ್ನು ಪ್ರಕಟಿಸಿತು. ತಿರುಗುವ ಕಾಂತೀಯ ಡಿಸ್ಕ್ ವಾಣಿಜ್ಯ ಬಳಕೆಗೆ ಬಂದದ್ದು ಇದರೊಂದಿಗೆ. 24 ಅಂಗುಲ ವ್ಯಾಸದ 50 ತಟ್ಟೆಗಳು ಒಂದೇ ಅಕ್ಷದ ಮೇಲೆ ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದವು. ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು. ಒಂದಕ್ಷರಕ್ಕೆ 6 ಬಿಟ್‌ನಂತೆ ಇದು ಈಗಿನ ಲೆಕ್ಕದಲ್ಲಿ 3.75 ಮೆಗಾಬೈಟ್. ಬೇಕಾದ ಜಾಗವನ್ನು ತಲುಪಲು ಸರಾಸರಿ 600 ಮಿಲಿಸೆಕೆಂಡ್ ಹಿಡಿಯುತ್ತಿತ್ತು.

ಈಗಿನ ಸಾಮಾನ್ಯ 4 ಟೆರಾಬೈಟ್ ಡಿಸ್ಕನ್ನು ಇದರೊಂದಿಗೆ ಹೋಲಿಸಿ. ಧಾರಣ ಶಕ್ತಿ ಸುಮಾರು 10 ಲಕ್ಷ ಪಟ್ಟು ಹೆಚ್ಚಿದೆ. ಆದರೆ ನಿಮಿಷಕ್ಕೆ 7200 ಸುತ್ತಿನ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಸೆಕ್ಟರ್ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.2 ಮಿಲಿಸೆಕೆಂಡ್ ಕಾಯಬೇಕು. ತಲೆ ಒಂದು ಪಥದಿಂದ ಇನ್ನೊಂದಕ್ಕೆ ಸರಿಯಲು ಇನ್ನೂ 8 ಅಥವಾ 9 ಮಿಲಿಸೆಕೆಂಡ್ ಬೇಕು. ಒಟ್ಟು ಸುಮಾರು 13 ಮಿಲಿಸೆಕೆಂಡ್. ಅಂದರೆ ತಲುಪುವ ಕಾಲದಲ್ಲಿ ಆದ ಸುಧಾರಣೆ 50 ಪಟ್ಟೂ ಇಲ್ಲ. ತಟ್ಟೆಯನ್ನು ಇನ್ನೂ ವೇಗವಾಗಿ ತಿರುಗಿಸಲು ಶಾಖ, ಕಂಪನ, ಗಾಳಿಯ ಎಳೆತ ಇವೆಲ್ಲ ಅಡ್ಡ ಬರುತ್ತವೆ. ನಿಮಿಷಕ್ಕೆ 15,000 ಸುತ್ತಿನ ಡಿಸ್ಕ್‌ಗಳು 2000ದ ಹೊತ್ತಿಗೆ ಬಂದವು. ಅದಕ್ಕಿಂತ ಮುಂದೆ ಮಾರುಕಟ್ಟೆ ಹೋಗಲಿಲ್ಲ.

ಈ 13 ಮಿಲಿಸೆಕೆಂಡಿನ ಅರ್ಥವೇನು? ಅಲ್ಲೊಂದು ಇಲ್ಲೊಂದು ಇರುವ 4 ಕಿಲೋಬೈಟ್ ತುಣುಕುಗಳನ್ನು ಓದಿದರೆ ಸೆಕೆಂಡಿಗೆ ಸುಮಾರು 80 ಮಾತ್ರ ಸಾಧ್ಯ. ಅಂದರೆ ಸೆಕೆಂಡಿಗೆ 320 ಕಿಲೋಬೈಟ್. ಒಂದೇ ಸಾಲಿನಲ್ಲಿರುವ ದತ್ತಾಂಶವನ್ನು ಅದೇ ಡಿಸ್ಕ್ ಸೆಕೆಂಡಿಗೆ 160 ಮೆಗಾಬೈಟ್‌ನಂತೆ ಓದಬಲ್ಲದು. ಒಂದೇ ಡಿಸ್ಕ್, ವ್ಯತ್ಯಾಸ 500 ಪಟ್ಟು!

ಹಿಸ್ಸಾ ಹಲವು, ಬಾವಿ ಒಂದು

ಕಲ್ಪಿತ ಗಣಕ ಇತ್ತೀಚಿನದೆಂದು ಹಲವರು ಭಾವಿಸುತ್ತಾರೆ. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ವೈಜ್ಞಾನಿಕ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ನೇತೃತ್ವದ ತಂಡ ಸಿಪಿ-40 ಎಂಬ ವ್ಯವಸ್ಥೆಯನ್ನು ರೂಪಿಸಿ 1967ರ ಜನವರಿಯಲ್ಲಿ ಬಳಕೆಗೆ ತಂದಿತು. ಒಂದು ಸಿಸ್ಟಮ್/360 ಗಣಕದೊಳಗೆ 14 ಕಲ್ಪಿತ ಗಣಕಗಳು ಏಕಕಾಲಕ್ಕೆ ನಡೆಯುತ್ತಿದ್ದವು. 1972ರಲ್ಲಿ ಇದರ ಮುಂದಿನ ಪೀಳಿಗೆ ವಿಎಂ/370 ಎಂಬ ಹೆಸರಿನಲ್ಲಿ ಗ್ರಾಹಕರಿಗೆ ದೊರಕಿತು. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಐಬಿಎಂ 360/44 ಕೂಡ ಇದೇ ಸಿಸ್ಟಮ್/360 ಕುಟುಂಬದ್ದು. ಆದರೆ ಅದು ವೈಜ್ಞಾನಿಕ ಲೆಕ್ಕಾಚಾರಕ್ಕೆಂದು ಮಾಡಿದ ಮಾದರಿ. ಕಲ್ಪಿತ ಗಣಕಗಳಿಗೆ ಬೇಕಾದ ವಿಳಾಸ ಪರಿವರ್ತನೆಯ ಯಂತ್ರಾಂಶ ಅದರಲ್ಲಿರಲಿಲ್ಲ.

ಕೇಂಬ್ರಿಜ್ ತಂಡ ಡಿಸ್ಕನ್ನು ಹಂಚಿದ ಬಗೆ ಗಮನಾರ್ಹ. ಒಂದು ಡಿಸ್ಕಿನ ಪಥಗಳನ್ನು ಭಾಗಮಾಡಿ ಪ್ರತಿ ಕಲ್ಪಿತ ಗಣಕಕ್ಕೂ ಒಂದು ಭಾಗ ಕೊಟ್ಟರು. ಅದಕ್ಕೆ ಮಿನಿಡಿಸ್ಕ್ ಎಂದು ಹೆಸರಿಟ್ಟರು. ನಮ್ಮಲ್ಲಿ ಒಂದು ಸರ್ವೆ ನಂಬರನ್ನು ಪೋಡಿ ಮಾಡಿ ಅಣ್ಣತಮ್ಮಂದಿರಿಗೆ ಹಿಸ್ಸಾ ಕೊಟ್ಟಂತೆ ಇದು. ಪಹಣಿ ಬೇರೆ ಬೇರೆ, ಬದುಗಳೂ ಬೇರೆ. ಆದರೆ ಜಮೀನಿಗೆಲ್ಲ ಬಾವಿ ಒಂದೇ ಆಗಿದ್ದರೆ? ಎಲ್ಲರೂ ಸರದಿಯಲ್ಲಿ ನೀರು ಕಟ್ಟಬೇಕು. ಡಿಸ್ಕಿನ ತಲೆಗಳು ಒಂದೇ ತೋಳಿನ ಮೇಲಿರುವ ಕಾರಣ ಅವು ಆ ಒಂದೇ ಬಾವಿಯಿದ್ದಂತೆ. ಒಂದು ಕಲ್ಪಿತ ಗಣಕ ತನ್ನ ಪಾಡಿಗೆ ಸಾಲಾಗಿ ಓದುತ್ತಿರಬಹುದು. ಮೂರು ಗಣಕಗಳು ಒಟ್ಟಿಗೆ ಓದಿದಾಗ ತೋಳು ಮೂರೂ ಹಿಸ್ಸೆಗಳ ನಡುವೆ ಓಡಾಡುತ್ತದೆ. ಸೆಕೆಂಡಿಗೆ 160 ಮೆಗಾಬೈಟ್ ಕೊಡಬಲ್ಲ ಡಿಸ್ಕ್ 80 ತುಣುಕುಗಳ ಲೆಕ್ಕದ ಕಡೆಗೆ ಜಾರತೊಡಗುತ್ತದೆ.

ಸೋಗಿನ ಬೆಲೆ

ಮನೆಯ ಗಣಕಗಳಿಗೆ ಈ ವಿದ್ಯೆ ತಡವಾಗಿ ಬಂತು. ಯಾವ ಪ್ರೊಸೆಸರ್ ಕಲ್ಪಿತ ಗಣಕಕ್ಕೆ ತಕ್ಕದ್ದೆಂಬ ನಿಯಮಗಳನ್ನು ಪೋಪೆಕ್ ಮತ್ತು ಗೋಲ್ಡ್‌ಬರ್ಗ್ 1974ರಲ್ಲಿ ಪ್ರಕಟಿಸಿದ್ದರು. ಇಂಟೆಲ್ ಮಾದರಿಯ ಎಕ್ಸ್86 ಪ್ರೊಸೆಸರ್‌ಗಳು ಆ ನಿಯಮಗಳನ್ನು ಪಾಲಿಸುತ್ತಿರಲಿಲ್ಲ. 1998ರಲ್ಲಿ ಆರಂಭವಾದ ವಿಎಂವೇರ್ ಸಂಸ್ಥೆ ಮರುವರ್ಷವೇ ತಂತ್ರಾಂಶದ ಜಾಣ್ಮೆಯಿಂದ ಈ ಕೊರತೆಯನ್ನು ದಾಟಿತು. 2005 ಮತ್ತು 2006ರಲ್ಲಿ ಇಂಟೆಲ್ ಹಾಗೂ ಎಎಂಡಿ ಪ್ರೊಸೆಸರ್‌ಗಳಲ್ಲಿಯೇ ಇದಕ್ಕೆ ಅನುಕೂಲ ದೊರೆಯಿತು. 2007ರ ಫೆಬ್ರವರಿಯಲ್ಲಿ ಕೆವಿಎಂ ಎಂಬ ಭಾಗ ಲಿನಕ್ಸ್ ತಿರುಳಿಗೆ ಸೇರಿತು.

ಹೀಗೆ ಪ್ರೊಸೆಸರ್‌ನ ನಿಧಾನ ಬಹುಮಟ್ಟಿಗೆ ನಿವಾರಣೆಯಾಯಿತು. ಡಿಸ್ಕಿನ ಕಥೆ ಬೇರೆ. ಕಲ್ಪಿತ ಗಣಕಕ್ಕೆ ಪರಿಚಿತವಾದ ಡಿಸ್ಕ್ ಬೇಕಲ್ಲವೇ? ಅದಕ್ಕಾಗಿ ತಂತ್ರಾಂಶ 1990ರ ದಶಕದ ಐಡಿಇ ನಿಯಂತ್ರಕದ ಸೋಗು ಹಾಕಿತು. ನಿಜವಾದ ಐಡಿಇಯಲ್ಲಿ ಒಂದು ಆದೇಶ ಕೊಡಲು ಹಲವು ರಿಜಿಸ್ಟರ್‌ಗಳಿಗೆ ಒಂದೊಂದಾಗಿ ಬರೆಯಬೇಕು. ಕಲ್ಪಿತ ಗಣಕದಲ್ಲಿ ಹಾಗೆ ಬರೆದಾಗಲೆಲ್ಲ ಪ್ರೊಸೆಸರ್ ಅದನ್ನು ನಿಲ್ಲಿಸಿ ಆತಿಥೇಯಕ್ಕೆ ಹೊರಳಬೇಕು, ಮತ್ತೆ ಹಿಂದಿರುಗಬೇಕು. ಆಸ್ಟ್ರೇಲಿಯದ ರಸ್ಟಿ ರಸೆಲ್ ಇದಕ್ಕೆ ಸರಳವಾದ ಪರಿಹಾರ ಸೂಚಿಸಿದರು. ಸೋಗು ಬಿಟ್ಟು, ಇಬ್ಬರೂ ನೋಡಬಲ್ಲ ಮೆಮೊರಿಯಲ್ಲಿ ಒಂದು ಸರದಿ ಪಟ್ಟಿ ಇಟ್ಟರೆ ಸಾಕು. ಹಲವು ಆದೇಶಗಳನ್ನು ಅದರಲ್ಲಿ ಬರೆದು ಒಮ್ಮೆ ಮಾತ್ರ ಕರೆದರಾಯಿತು. ವರ್ಟಯೋ ಎಂಬ ಈ ವಿಧಾನ 2008ರ ಜನವರಿಯಲ್ಲಿ ಬಂದ ಲಿನಕ್ಸ್ 2.6.24ರಲ್ಲಿ ಸೇರಿತು. ಇಂದಿಗೂ ಎಷ್ಟೋ ಕಡೆ ಕಲ್ಪಿತ ಗಣಕ ನಿಧಾನವಾಗಲು ಮುಖ್ಯ ಕಾರಣ, ಅದರ ಡಿಸ್ಕ್ ಐಡಿಇ ಎಂದೇ ಉಳಿದಿರುವುದು. ಇದು ವ್ಯರ್ಥವಾದ ನಿಧಾನ. ಕಲ್ಪಿತ ಗಣಕಕ್ಕೆ ಮೊದಲು ವರ್ಟಯೋ ಚಾಲಕ ತಂತ್ರಾಂಶವನ್ನು ಹಾಕಿ, ಬಳಿಕ ಡಿಸ್ಕಿನ ಬಗೆಯನ್ನು ಬದಲಿಸಿದರೆ ಈ ನಷ್ಟ ತಪ್ಪುತ್ತದೆ.

ಬೆಂಗಳೂರಿನ ಪಾಲು

ಆದೇಶ ಆತಿಥೇಯವನ್ನು ತಲುಪಿದ ಮೇಲೆ ಏನಾಗುತ್ತದೆ? ಡಿಸ್ಕ್ ಉತ್ತರ ಕೊಡುವವರೆಗೂ ಆತಿಥೇಯದ ತಂತ್ರಾಂಶ ಕೈಕಟ್ಟಿ ನಿಂತರೆ ಉಳಿದ ಕೆಲಸಗಳೂ ನಿಲ್ಲುತ್ತವೆ. ಹಿಟ್ಟಿನ ಗಿರಣಿಯಲ್ಲಿ ರಾಗಿ ಚೀಲವನ್ನು ಸರದಿಯಲ್ಲಿಟ್ಟು ನಾವು ಬೇರೆ ಕೆಲಸ ನೋಡಿಕೊಂಡು ಬರುತ್ತೇವಲ್ಲ, ಅಂಥ ಏರ್ಪಾಡು ಗಣಕಕ್ಕೂ ಬೇಕು. ಇದಕ್ಕೆ ಅಸಿಂಕ್ರೊನಸ್ ಐ/ಒ ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಬೆಂಜಮಿನ್ ಲಾಹೈಸ್ ಆರಂಭಿಸಿದ್ದ ಈ ಕೆಲಸದ ಬಗ್ಗೆ 2003ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಲಿನಕ್ಸ್ ಸಮಾವೇಶಕ್ಕೆ ಒಂದು ಪ್ರಬಂಧ ಸಲ್ಲಿಕೆಯಾಯಿತು. ಅದರ ಮೊದಲ ಲೇಖಕಿ ಬೆಂಗಳೂರಿನ ಐಬಿಎಂ ಪ್ರಯೋಗಾಲಯದ ಸುಪರ್ಣಾ ಭಟ್ಟಾಚಾರ್ಯ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 2.6ರಲ್ಲಿ ಈ ಸೌಲಭ್ಯ ಇತ್ತು.

ಕಲ್ಪಿತ ಗಣಕದ ಹೊಂದಿಕೆಗಳಲ್ಲಿ 'ನೇಟಿವ್' ಎಂಬ ಆಯ್ಕೆಯನ್ನು ನೀವು ಕಂಡಿದ್ದರೆ, ಅದು ಬಳಸುವುದು ಈ ಮಾರ್ಗವನ್ನೇ. ಆದರೆ ಇದಕ್ಕೊಂದು ಷರತ್ತಿದೆ. ಆತಿಥೇಯದ ಮೆಮೊರಿಯನ್ನು ನಡುವೆ ತಾರದೆ ನೇರವಾಗಿ ಡಿಸ್ಕಿಗೆ ಹೋದಾಗ ಮಾತ್ರ ಈ ಮಾರ್ಗ ನಿಜವಾಗಿ ಕಾಯದೆ ಸಾಗುತ್ತದೆ. ಆದ್ದರಿಂದ ಕ್ಯಾಶ್ ಆಯ್ಕೆಯನ್ನು 'ನನ್' ಎಂದು ಇಡುವುದು ವಾಡಿಕೆ. 2019ರಲ್ಲಿ ಯೆನ್ಸ್ ಆಕ್ಸ್‌ಬೋ ಅವರ ಐಒ-ಯುರಿಂಗ್ ಎಂಬ ಹೊಸ ವಿಧಾನ ಲಿನಕ್ಸ್ 5.1ರಲ್ಲಿ ಬಂದು ಈ ಷರತ್ತನ್ನು ಸಡಿಲಿಸಿತು.

63ರ ತೊಡಕು

ಇನ್ನೊಂದು ಪದರ ಅಂಕಗಣಿತದ್ದು. ಹಳೆಯ ಡಿಸ್ಕ್‌ಗಳಲ್ಲಿ ಸೆಕ್ಟರ್ ಎಂದರೆ 512 ಬೈಟ್. ಮೊದಲ ವಿಭಾಗ 63ನೆಯ ಸೆಕ್ಟರ್‌ನಿಂದ ಆರಂಭವಾಗುವುದು ವಿಂಡೋಸ್ ಎಕ್ಸ್‌ಪಿಯ ಕಾಲದವರೆಗೂ ರೂಢಿಯಾಗಿತ್ತು. 2010ರ ಆಸುಪಾಸಿನಲ್ಲಿ ಡಿಸ್ಕ್ ತಯಾರಕರು ಒಳಗಿನ ಸೆಕ್ಟರನ್ನು 4096 ಬೈಟ್‌ಗೆ ಏರಿಸಿದರು. 63ನ್ನು 512ರಿಂದ ಗುಣಿಸಿದರೆ 32,256. ಅದನ್ನು 4096ರಿಂದ ಭಾಗಿಸಿ. ಬರುವುದು 7.875, ಪೂರ್ಣಾಂಕವಲ್ಲ. ಹಾಗಾಗಿ ಪ್ರತಿ 4 ಕಿಲೋಬೈಟ್ ತುಣುಕೂ ಎರಡು ಸೆಕ್ಟರ್‌ಗಳ ಬದುವಿನ ಮೇಲೆ ಕೂರುತ್ತದೆ. ಬರೆಯಬೇಕಾದರೆ ಡಿಸ್ಕ್ ಎರಡನ್ನೂ ಓದಿ, ತಿದ್ದಿ, ತಟ್ಟೆ ಮತ್ತೊಂದು ಸುತ್ತು ಬರುವವರೆಗೆ ಕಾದು ಬರೆಯಬೇಕು. ನಷ್ಟ 8.3 ಮಿಲಿಸೆಕೆಂಡ್. ಹಳೆಯ ಗಣಕದ ಡಿಸ್ಕನ್ನು ಹಾಗೆಯೇ ನಕಲಿಸಿ ಕಲ್ಪಿತ ಗಣಕ ಮಾಡಿಕೊಂಡವರಲ್ಲಿ ಈ ತೊಡಕು ಇಂದಿಗೂ ಉಳಿದಿರಬಹುದು. ವಿಭಾಗದ ಆರಂಭವನ್ನು 1 ಮೆಗಾಬೈಟ್‌ಗೆ ಸರಿಸಿದರೆ ಇದು ನಿವಾರಣೆಯಾಗುತ್ತದೆ.

ಪಥಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸುವ ಎಸ್‌ಎಂಆರ್ ಡಿಸ್ಕ್‌ಗಳೂ ಇವೆ. ಅವುಗಳಲ್ಲಿ ಒಂದು ತುಣುಕನ್ನು ತಿದ್ದಲು ಪಕ್ಕದ ಪಥಗಳನ್ನೂ ಮತ್ತೆ ಬರೆಯಬೇಕು. ಕೆಲವು ಮಾದರಿಗಳಲ್ಲಿ ಈ ವಿಷಯವನ್ನು ಖರೀದಿದಾರರಿಗೆ ಸ್ಪಷ್ಟವಾಗಿ ತಿಳಿಸಿರಲಿಲ್ಲವೆಂಬುದು 2020ರಲ್ಲಿ ಬಯಲಾಯಿತು. ಕಲ್ಪಿತ ಗಣಕಗಳಿಗೆ ಇಂಥ ಡಿಸ್ಕ್ ತಕ್ಕದ್ದಲ್ಲ.

'ಬರೆದಾಯಿತು' ಎಂಬ ಮಾತು

ಈಗ ಮುಖ್ಯ ವಿಷಯಕ್ಕೆ ಬರೋಣ. ಆತಿಥೇಯದಲ್ಲಿ ಕಡತದ ನಕಲು ಕ್ಷಣದಲ್ಲಿ ಮುಗಿಯಿತೆಂದೆವಷ್ಟೆ. ಆ ಕ್ಷಣದಲ್ಲಿ ಕಡತ ಸೇರಿದ್ದು ಮೆಮೊರಿಗೆ, ಡಿಸ್ಕಿಗಲ್ಲ. ಲಿನಕ್ಸ್ ಅದನ್ನು ನಿಧಾನವಾಗಿ ಆಮೇಲೆ ಬರೆಯುತ್ತದೆ. ಅಂಕಗಳ ದಾಖಲೆಯಂಥ ದತ್ತಸಂಚಯ ಹಾಗೆ ಮಾಡುವಂತಿಲ್ಲ. ಪ್ರತಿ ವ್ಯವಹಾರದ ಕೊನೆಯಲ್ಲಿ ಅದು 'ನಿಜವಾಗಿ ಡಿಸ್ಕಿಗೆ ಸೇರಿತೇ?' ಎಂದು ಕೇಳಿ, ಉತ್ತರ ಬರುವವರೆಗೂ ಕಾಯುತ್ತದೆ. ಈ ಕೇಳಿಕೆಗೆ ಫ್ಲಶ್ ಎಂದು ಹೆಸರು. ಆದ್ದರಿಂದ ಮೇಲಿನ ಎರಡು ವೇಗಗಳ ಹೋಲಿಕೆಯೇ ಸರಿಯಾದುದಲ್ಲ.

ಕಲ್ಪಿತ ಗಣಕದ ಹೊಂದಿಕೆಗಳಲ್ಲಿ 'ಅನ್‌ಸೇಫ್' ಎಂಬ ಇನ್ನೊಂದು ಕ್ಯಾಶ್ ಆಯ್ಕೆ ಇದೆ. ಅದನ್ನು ಆರಿಸಿದರೆ ಎಲ್ಲವೂ ಥಟ್ಟನೆ ವೇಗ ಪಡೆಯುತ್ತದೆ. ಕಾರಣ ಇಷ್ಟೇ: ಫ್ಲಶ್ ಕೇಳಿದಾಗ ಆತಿಥೇಯ ಏನೂ ಮಾಡದೆ 'ಬರೆದಾಯಿತು' ಎಂದು ಸುಳ್ಳು ಹೇಳುತ್ತದೆ. ಕರೆಂಟ್ ಇರುವವರೆಗೆ ಆ ಸುಳ್ಳು ಗೊತ್ತಾಗುವುದಿಲ್ಲ. ಐ.ಡಿ.ಹಳ್ಳಿಯ ನೆರೆಯ ಪಾವಗಡ ತಾಲ್ಲೂಕಿನಲ್ಲಿ 2050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಆದರೆ ವಿದ್ಯುತ್ ಉತ್ಪಾದನೆ ಎಷ್ಟಿದ್ದರೂ, ಗುಡುಗು ಮಳೆಗೆ ಹಳ್ಳಿಯ ಲೈನ್ ಟ್ರಿಪ್ ಆಗಲು ಒಂದು ಕೊಂಬೆ ಸಾಕು. ಆಗ ಹೋಗುವುದು ಕೊನೆಯ ಕೆಲವು ಸೆಕೆಂಡುಗಳ ಬರಹ ಮಾತ್ರವಲ್ಲ. ಬರೆಯುವ ಕ್ರಮವೇ ತಪ್ಪಿರುವುದರಿಂದ ಇಡೀ ಕಡತ ವ್ಯವಸ್ಥೆ ಕೆಡಬಹುದು. ಹೊಸದಾಗಿ ಸ್ಥಾಪಿಸುತ್ತಿರುವ, ಹೋದರೆ ಮತ್ತೆ ಮಾಡಬಹುದಾದ ಪ್ರಯೋಗದ ಗಣಕಕ್ಕೆ ಮಾತ್ರ ಈ ಆಯ್ಕೆ ಸರಿ. ಮಕ್ಕಳ ಅಂಕಗಳಿಗೆ ಖಂಡಿತ ಸಲ್ಲದು.

ಹಾಗಾದರೆ ಸುರಕ್ಷಿತ ವೇಗಕ್ಕೆ ದಾರಿ? ತಟ್ಟೆಯಿಲ್ಲದ ಎಸ್‌ಎಸ್‌ಡಿ ಬಳಸಿದರೆ ತಲೆಯ ಓಡಾಟವೇ ಇರುವುದಿಲ್ಲ. ಅದರಲ್ಲೂ ಕರೆಂಟ್ ಹೋದಾಗ ಒಳಗಿನ ತಾತ್ಕಾಲಿಕ ಮೆಮೊರಿಯನ್ನು ಬರೆದು ಮುಗಿಸುವಷ್ಟು ಶಕ್ತಿಯನ್ನು ಕೆಪಾಸಿಟರ್‌ಗಳಲ್ಲಿ ಹಿಡಿದಿಡುವ ಮಾದರಿಗಳು, ಸುಳ್ಳು ಹೇಳದೆಯೂ ಫ್ಲಶ್‌ಗೆ ಬೇಗ ಉತ್ತರಿಸಬಲ್ಲವು.

ತರಗತಿಯಲ್ಲಿ ಮಾಡಿ ನೋಡಿ

ಭೌತವಿಜ್ಞಾನ ಇಲ್ಲಿ ಒಂದು ಒಳ್ಳೆಯ ಪರೀಕ್ಷೆ ಒದಗಿಸುತ್ತದೆ. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120. ಒಂದು ಕಡತದ ಅದೇ ಜಾಗಕ್ಕೆ ಮತ್ತೆ ಮತ್ತೆ ಬರೆದು, ಪ್ರತಿ ಬಾರಿಯೂ ಫ್ಲಶ್ ಕೇಳಿ ಕಾಯುವ ಚಿಕ್ಕ ಪ್ರೋಗ್ರಾಂ ಬರೆಯಿರಿ. ಪ್ರತಿ ಬರಹಕ್ಕೂ ಅದೇ ಸೆಕ್ಟರ್ ತಲೆಯ ಕೆಳಗೆ ಮರಳಿ ಬರಬೇಕು. ಆದ್ದರಿಂದ ಸಾಮಾನ್ಯ ಡಿಸ್ಕಿನಲ್ಲಿ ಸೆಕೆಂಡಿಗೆ 120 ಬರಹಗಳಿಗಿಂತ ಹೆಚ್ಚು ಸಾಧ್ಯವಿಲ್ಲ. ಕಡತ ವ್ಯವಸ್ಥೆ ತನ್ನ ಲೆಕ್ಕವನ್ನೂ ಬರೆದುಕೊಳ್ಳುವುದರಿಂದ 60 ಅಥವಾ 40 ಬಂದರೂ ಆಶ್ಚರ್ಯವಿಲ್ಲ. ಮೊದಲು ಆತಿಥೇಯದಲ್ಲಿ, ಉಳಿದ ಕಲ್ಪಿತ ಗಣಕಗಳನ್ನು ನಿಲ್ಲಿಸಿ, ಅಳೆಯಿರಿ. ಬಳಿಕ ಒಂದು ಕಲ್ಪಿತ ಗಣಕದೊಳಗೆ ಅಳೆಯಿರಿ. ಕೊನೆಯಲ್ಲಿ ಮೂರನ್ನೂ ನಡೆಸಿ ಅಳೆಯಿರಿ. ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ಅಂತರ ಪದರಗಳ ನಷ್ಟ: ಐಡಿಇಯ ಸೋಗು, 63ರ ತೊಡಕು ಇತ್ಯಾದಿ. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ ಹಂಚಿಕೆಯ ನಷ್ಟ.

ತಿರುಗುವ ಡಿಸ್ಕಿನ ಮೇಲಿರುವ ಕಲ್ಪಿತ ಗಣಕದಲ್ಲಿ ಸೆಕೆಂಡಿಗೆ 5000 ಬಂದರೆ ಸಂತೋಷಪಡಬೇಡಿ. ತಟ್ಟೆ ಅಷ್ಟು ವೇಗವಾಗಿ ತಿರುಗಲಾರದು. ನಡುವಿನ ಯಾವುದೋ ಪದರ ಸುಳ್ಳು ಹೇಳುತ್ತಿದೆ. ನಿಮ್ಮ ವಿದ್ಯಾರ್ಥಿಗಳಿಗೆ ಆ ಪದರವನ್ನು ಹುಡುಕುವ ಕೆಲಸ ಕೊಡಿ. 120ರ ಹತ್ತಿರ ಬಂದರೆ, ಡಿಸ್ಕನ್ನು ಬಿಚ್ಚದೆಯೇ ಅದು ಸುತ್ತುವ ವೇಗವನ್ನು ಅವರು ಅಳೆದಂತಾಯಿತು.