ಕೆರೆ ಬಸದಿ: ಬಿಂಬ ಮತ್ತು ಪ್ರತಿಬಿಂಬ

ಕಾರ್ಕಳದಿಂದ ಹೆಬ್ರಿಯ ಕಡೆಗೆ ಸಾಗುವ ದಾರಿಯಲ್ಲಿ, ಪಶ್ಚಿಮ ಘಟ್ಟದ ಬುಡದಲ್ಲಿರುವ ವರಂಗವು ತುಳುನಾಡಿನ ಪ್ರಾಚೀನ ಜೈನಕೇಂದ್ರಗಳಲ್ಲಿ ಒಂದು. ಅಲ್ಲಿ ಹಿರೇ ಬಸದಿ ಎನಿಸಿಕೊಂಡ ನೇಮಿನಾಥ ಬಸದಿಯಿದೆ, ಅದರ ಮುಂದೆ ಮಾನಸ್ತಂಭವಿದೆ, ಆಳುಪರ ಮತ್ತು ವಿಜಯನಗರದ ಕಾಲದ ಶಾಸನಗಳಿವೆ. ಆದರೆ ವರಂಗವೆಂದೊಡನೆ ಇಂದು ಬಹುಮಂದಿಯ ಕಣ್ಣಮುಂದೆ ಬರುವುದು ಇವಾವುವೂ ಅಲ್ಲ. ಅದು ಒಂದು ಛಾಯಾಚಿತ್ರ: ನಿಶ್ಚಲವಾದ ಕೆರೆ, ಅದರ ನಡುವೆ ಇಳಿಜಾರು ಮಾಡಿನ ಪುಟ್ಟ ಜಿನಾಲಯ, ಹಿಂದೆ ತೆಂಗಿನ ಸಾಲು ಮತ್ತು ಬೆಟ್ಟ, ಕೆಳಗೆ ಇವೆಲ್ಲದರ ತಲೆಕೆಳಗಾದ ಪ್ರತಿರೂಪ. ಜಯನಗರ, ಬನಶಂಕರಿಗಳಿಂದ ವಾರಾಂತ್ಯಕ್ಕೆಂದು ಘಟ್ಟವಿಳಿದು ಹೋದವರು ಮರಳುವಾಗ ತರುವುದೂ ಬಹುಮಟ್ಟಿಗೆ ಇದೇ ಚಿತ್ರವನ್ನು. ಶಾಸನವಿರುವ ಬಸದಿಗಿಂತ ಪ್ರತಿಬಿಂಬವಿರುವ ಬಸದಿ ಪ್ರಸಿದ್ಧವಾಯಿತು.

ಪ್ರಸಿದ್ಧಿಯ ಬಗ್ಗೆ ಆಕ್ಷೇಪಿಸಬೇಕಾದುದಿಲ್ಲ. ಆದರೆ ಈ ಚಿತ್ರದಲ್ಲಿ ಕೆರೆಯು ಕನ್ನಡಿಯಾಗಿ ಮಾತ್ರ ಉಳಿಯುತ್ತದೆ. ಕಟ್ಟಡವೇ ಬಿಂಬ, ನೀರು ಅದನ್ನು ಎರಡಾಗಿಸುವ ಒಂದು ಉಪಕರಣ ಎಂಬ ಗ್ರಹಿಕೆ ನೋಡುವವರಲ್ಲಿ ನೆಲೆಯೂರುತ್ತದೆ. ಕೆರೆ ಬಸದಿಯ ಮಟ್ಟಿಗೆ ಈ ಗ್ರಹಿಕೆ ಸರಿಯಲ್ಲ. ಅಲ್ಲಿ ನೀರು ವಾಸ್ತುವಿನ ಹೊರಗಿಲ್ಲ, ಅದರ ಒಳಗಿದೆ.

ನೀರಿನಲ್ಲಿ ಪ್ರತಿಬಿಂಬಿಸುವ ದೇವಾಲಯವೆಂದರೆ ಜಗತ್ತಿಗೆ ಮೊದಲು ನೆನಪಾಗುವುದು ಕಾಂಬೋಡಿಯದ ಆಂಗ್ಕೋರ್ ವಾಟ್. ಖ್ಮೇರ್ ಅರಸು ಎರಡನೆಯ ಸೂರ್ಯವರ್ಮನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿಸಿದ ಈ ವಿಷ್ಣ್ವಾಲಯ ಪಶ್ಚಿಮಾಭಿಮುಖವಾದುದು. ಆದ್ದರಿಂದ ಸೂರ್ಯನು ಅದರ ಗೋಪುರಗಳ ಬೆನ್ನಿನಿಂದ ಮೂಡುತ್ತಾನೆ, ಮುಂದಿನ ಕೊಳದ ದಡದಲ್ಲಿ ನಸುಕಿನಲ್ಲಿಯೇ ಕ್ಯಾಮೆರಾಗಳ ಸಾಲು ನೆರೆಯುತ್ತದೆ. ದೇವಾಲಯವನ್ನು ಬಳಸಿರುವ ಕಂದಕವು ಸುಮಾರು 190 ಮೀಟರು ಅಗಲದ್ದು. ಅದನ್ನು ಸಾಗರವಾಗಿಯೂ ನಡುವಣ ಗೋಪುರಗಳನ್ನು ಮೇರುಶಿಖರಗಳಾಗಿಯೂ ವಿದ್ವಾಂಸರು ವ್ಯಾಖ್ಯಾನಿಸಿದ್ದಾರೆ. ಆದರೆ ಜಗತ್ಪ್ರಸಿದ್ಧವಾದ ಪ್ರತಿಬಿಂಬದ ಚಿತ್ರ ಈ ಕಂದಕದ್ದಲ್ಲ, ಪ್ರಾಕಾರದ ಒಳಗಿನ ಉತ್ತರದ ಕೊಳದ್ದು. ಆ ಕೊಳವಾದರೋ ಮೂಲ ವಿನ್ಯಾಸಕ್ಕೆ ಅನಂತರ ಸೇರಿದ್ದು. ಅರ್ಥವಿರುವ ನೀರನ್ನು ಬಿಟ್ಟು ಅನುಕೂಲವಾದ ನೀರನ್ನು ಕ್ಯಾಮೆರಾ ಆರಿಸಿಕೊಂಡಿದೆ.

ಆಂಗ್ಕೋರಿನ ಮೊದಲ ಛಾಯಾಚಿತ್ರಗಳನ್ನು ಸ್ಕಾಟ್ಲೆಂಡಿನ ಜಾನ್ ಥಾಮ್ಸನ್ 1866ರಲ್ಲಿ ತೆಗೆದನು. ಅದೇ 1866ರಲ್ಲಿ ಲಂಡನ್ನಿನಿಂದ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುವನ್ನು ಕುರಿತ ಬೃಹತ್ ಛಾಯಾಚಿತ್ರ ಸಂಪುಟವೊಂದು ಹೊರಬಂದಿತು. ಚಿತ್ರಗಳು ಡಾ. ಪಿಗೌ, ಎ. ಸಿ. ಬಿ. ನೀಲ್ ಮತ್ತು ಕರ್ನಲ್ ಬಿಗ್ಸ್ ಅವರವು. ಚಾರಿತ್ರಿಕ ವಿವರಣೆ ಮೆಡೋಸ್ ಟೇಲರನದು. ವಾಸ್ತು ಟಿಪ್ಪಣಿ ಜೇಮ್ಸ್ ಫರ್ಗುಸನ್ನನದು. ಬಿಗ್ಸ್ ಮತ್ತು ಪಿಗೌ ಬಯಲುಸೀಮೆಯಲ್ಲಿ ಚಿತ್ರ ತೆಗೆದದ್ದು ಇನ್ನೂ ಹಿಂದೆ, 1850ರ ದಶಕದಲ್ಲಿ. ಆ ಕಾಲದ ತಂತ್ರದಲ್ಲಿ ಬೆಳಕನ್ನು ದೀರ್ಘಕಾಲ ಒಳಬಿಡಬೇಕಾಗಿತ್ತು. ಅಷ್ಟು ಹೊತ್ತು ಅಲುಗಾಡುವ ನೀರು ಚಿತ್ರದಲ್ಲಿ ನೀರಾಗಿ ಕಾಣದೆ ಮಬ್ಬಾದ ನುಣುಪು ಬಯಲಾಗುತ್ತಿತ್ತು. ನಿಶ್ಚಲವಾದ ಕಲ್ಲು ಅಂದಿನ ಕ್ಯಾಮೆರಾಕ್ಕೆ ಒಗ್ಗಿದ ವಸ್ತು. ವಾಸ್ತು ಇತಿಹಾಸವು ಕಲ್ಲಿನ ಇತಿಹಾಸವಾಗಿಯೇ ಬೆಳೆದುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದನ್ನೂ ಸೇರಿಸಬಹುದು.

ಧಾರವಾಡ, ಮೈಸೂರು ಎಂಬ ಆ ಶೀರ್ಷಿಕೆಯೊಳಗೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಬರುವುದಿಲ್ಲ. ಮುಂದೆ 1876ರ ತನ್ನ ಭಾರತೀಯ ಮತ್ತು ಪೌರ್ವಾತ್ಯ ವಾಸ್ತುವಿನ ಇತಿಹಾಸದಲ್ಲಿ ಫರ್ಗುಸನ್ ಮೂಡುಬಿದಿರೆಯ ಬಸದಿಗಳನ್ನು ಚರ್ಚಿಸಿದನು. ಅವುಗಳ ಇಳಿಜಾರು ಮಾಡುಗಳಿಗೆ ದಕ್ಷಿಣದಲ್ಲಿ ಸಾಟಿ ಕಾಣದೆ ಅವನು ಹೋಲಿಕೆಯನ್ನು ದೂರದ ನೇಪಾಳದಲ್ಲಿ ಕಂಡನು. ಹೋಲಿಕೆ ಕಣ್ಣಿಗೆ ಹೊಂದುತ್ತದೆ. ಆದರೆ ಆಷಾಢದಲ್ಲಿ ಒಂದು ವಾರ ವರಂಗದಲ್ಲಿಯೋ ಮೂಡುಬಿದಿರೆಯಲ್ಲಿಯೋ ಉಳಿದವರಿಗೆ ನೇಪಾಳದ ಅಗತ್ಯ ಬೀಳುವುದಿಲ್ಲ. ಒಂದೇ ಸಮನೆ ಸುರಿಯುವ ಮಳೆಯನ್ನು ಗೋಡೆಗೆ ತಾಗಗೊಡದೆ ಆಚೆಗೆ ಚೆಲ್ಲಲು ಊರಿನ ಮನೆಗಳೂ ಬೀಡುಗಳೂ ಯಾವ ಮಾಡನ್ನು ಹೊದ್ದುವೋ ಅದನ್ನೇ ಬಸದಿಗಳೂ ಹೊದ್ದವು. ರೂಪವನ್ನು ಕಂಡ ವಿದ್ವಾಂಸನಿಗೆ ಅದನ್ನು ರೂಪಿಸಿದ ನೀರು ಕಾಣಲಿಲ್ಲ. ಕೆರೆ ಬಸದಿಗೆ ಮೇಲಿನಿಂದಲೂ ನೀರು, ಕೆಳಗಿನಿಂದಲೂ ನೀರು; ಅದರ ತಗ್ಗಾದ ಮೈಕಟ್ಟು ಈ ಎರಡಕ್ಕೂ ಕೊಟ್ಟ ಉತ್ತರ.

ಇನ್ನು ಬಸದಿಯ ವಿನ್ಯಾಸ. ಅದು ಚತುರ್ಮುಖ. ಪಾರ್ಶ್ವನಾಥ, ನೇಮಿನಾಥ, ಶಾಂತಿನಾಥ, ಅನಂತನಾಥ ತೀರ್ಥಂಕರರು ನಾಲ್ಕು ದಿಕ್ಕಿಗೆ ಮುಖಮಾಡಿದ್ದಾರೆ; ಪದ್ಮಾವತಿ ಯಕ್ಷಿಯೂ ಇದ್ದಾಳೆ. ಇಮ್ಮಡಿ ಭೈರರಸನು 1586ರಲ್ಲಿ ಕಾರ್ಕಳದ ಬಂಡೆಯ ಮೇಲೆ ಕಟ್ಟಿಸಿದ ಚತುರ್ಮುಖ ಬಸದಿ ಎಲ್ಲರಿಗೂ ಪರಿಚಿತ. ಕಾರ್ಕಳದ ಆನೆಕೆರೆಯ ನಡುವೆಯೂ ಒಂದು ಚತುರ್ಮುಖ ಬಸದಿಯಿದೆ. ಚತುರ್ಮುಖ ವಿನ್ಯಾಸದ ಮೂಲ ಸಮವಸರಣದ ಕಲ್ಪನೆಯಲ್ಲಿದೆ. ಅಲ್ಲಿ ಜಿನನು ಎಲ್ಲ ದಿಕ್ಕಿನವರಿಗೂ ಅಭಿಮುಖನಾಗಿಯೇ ತೋರುತ್ತಾನೆ. ಪಂಪನ ಆದಿಪುರಾಣವನ್ನು ಪಾಠವಾಗಿ ಓದಿದ ವಿದ್ಯಾರ್ಥಿಗಳಿಗೆ ಸಮವಸರಣದ ವರ್ಣನೆ ದೀರ್ಘವೆನಿಸಿ ಹಾರಿಸಿ ಓದಿದ ನೆನಪಿರಬಹುದು. ಹಾರಿಸಬಾರದು. ಅದರ ಭೂಮಿಗಳಲ್ಲಿ ಎರಡನೆಯದು ಖಾತಿಕಾಭೂಮಿ, ಎಂದರೆ ತಾವರೆ ತುಂಬಿದ ನೀರಿನ ವಲಯ. ಮಾನಸ್ತಂಭಗಳ ಸುತ್ತಲೂ ವಾಪಿಗಳಿವೆ. ಉಪವನಭೂಮಿಯಲ್ಲಿ ಮತ್ತೆ ವಾಪಿಗಳಿವೆ. ಜಿನನ ಸನ್ನಿಧಿಗೆ ಹೋಗುವವರು ನೀರನ್ನು ದಾಟಿಯೇ ಹೋಗಬೇಕು.

ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯು ಉಪವನದ ಈ ವಾಪಿಗಳ ಬಗ್ಗೆ ಒಂದು ವಿಲಕ್ಷಣವಾದ ಮಾತನ್ನು ಹೇಳುತ್ತದೆ. ಆ ನೀರಿನಿಂದ ಅಭಿಷಿಕ್ತರಾದವರು ತಮ್ಮ ಒಂದು ಭವವನ್ನು ಕಾಣುತ್ತಾರೆ. ಆ ನೀರನ್ನು ಸುಮ್ಮನೆ ನೋಡಿದವರು ಕಳೆದ ಮತ್ತು ಬರಲಿರುವ ಜನ್ಮಗಳನ್ನು ಸೇರಿಸಿ ಏಳು ಭವಗಳನ್ನು ಕಾಣುತ್ತಾರೆ. ಎಂದರೆ ಜೈನಕಲ್ಪನೆಯ ನೀರಿನಲ್ಲಿ ಪ್ರತಿಬಿಂಬಿಸುವುದು ಕಟ್ಟಡವಲ್ಲ, ನೋಡುವ ಜೀವ. ಅಷ್ಟಮಂಗಲಗಳಲ್ಲಿ ದರ್ಪಣಕ್ಕೆ ಸ್ಥಾನವಿರುವುದನ್ನೂ, ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದ ಆರಂಭದಲ್ಲಿ ಮಹಾವೀರನ ಜ್ಞಾನವನ್ನು ಲೋಕಾಲೋಕಗಳು ತೋರುವ ಕನ್ನಡಿಗೆ ಹೋಲಿಸಿದುದನ್ನೂ ಇದರ ಜೊತೆಗಿಟ್ಟು ನೋಡಬೇಕು. ಜೈನರ ಮಾತಿನಲ್ಲಿ ‘ಬಿಂಬ’ವೆಂದರೆ ಪ್ರತಿಷ್ಠಿತವಾದ ಜಿನಮೂರ್ತಿ. ಕೆರೆಯ ದಡದಿಂದ ತೆಗೆದ ಚಿತ್ರದಲ್ಲಿ ಪ್ರತಿಬಿಂಬ ಧಾರಾಳವಾಗಿದೆ, ಬಿಂಬವೇ ಇಲ್ಲ. ಬಿಂಬದರ್ಶನಕ್ಕೆ ದೋಣಿಯೇರಬೇಕು. ದೋಣಿ ದಡಬಿಟ್ಟ ಗಳಿಗೆಯಲ್ಲಿ ಪ್ರತಿಬಿಂಬ ಚೂರುಚೂರಾಗುತ್ತದೆ.

ನೀರಿನ ನಡುವಣ ದೇವಾಲಯಕ್ಕೆ ಆಗಮದಲ್ಲಿ ಇನ್ನೊಂದು ಮಾದರಿಯೂ ಉಂಟು. ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯದಲ್ಲಿ ಕುಲಪರ್ವತಗಳ ಮೇಲಿನ ಆರು ಸರೋವರಗಳ ಪ್ರಸ್ತಾಪವಿದೆ. ಮೊದಲನೆಯದಾದ ಪದ್ಮಸರೋವರ 1000 ಯೋಜನ ಉದ್ದ, ಅದರರ್ಧ ಅಗಲ, 10 ಯೋಜನ ಆಳ. ನಡುವೆ ಒಂದು ಯೋಜನದ ತಾವರೆ, ಅದರಲ್ಲಿ ಶ್ರೀದೇವಿಯ ನಿವಾಸ. ಅಲ್ಲಿಂದಲೇ ಗಂಗೆ, ಸಿಂಧುಗಳ ಉಗಮ. ಬೌದ್ಧರ ಅನವತಪ್ತ ಸರೋವರದ ಕಲ್ಪನೆ ಇದಕ್ಕೆ ಹತ್ತಿರದ್ದು. ಆ ಕಲ್ಪನೆಯನ್ನು ಕಲ್ಲಿನಲ್ಲಿ ಕಟ್ಟಿದ ಖ್ಮೇರ್ ದೇವಾಲಯವೊಂದು ಆಂಗ್ಕೋರ್ ವಾಟ್‌ಗೆ ದೂರವಲ್ಲದೆ ಇದೆ. ಏಳನೆಯ ಜಯವರ್ಮನು 12ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ನೇಕ್ ಪೇನ್ ಅದು. ಜಯತಟಾಕವೆಂಬ ಮಹಾಕೆರೆಯ ನಡುವೆ ದ್ವೀಪ, ದ್ವೀಪದಲ್ಲಿ ಚೌಕ ಕೊಳ, ಕೊಳದ ನಡುವೆ ವೃತ್ತಾಕಾರದ ಪೀಠ, ಅದರ ಮೇಲೆ ಗುಡಿ. ಸುತ್ತಲಿನ ನಾಲ್ಕು ಚಿಕ್ಕ ಕೊಳಗಳಿಗೆ ಆನೆ, ಕುದುರೆ, ಸಿಂಹ, ಮನುಷ್ಯ ಮುಖಗಳ ಬಾಯಿಂದ ನೀರು ಹರಿಯುವ ಏರ್ಪಾಡು. ಕೆರೆ ಬಸದಿಗೆ ಸಮಾನವಾದುದನ್ನು ಕಾಂಬೋಡಿಯದಲ್ಲಿ ಹುಡುಕುವವರು ಆಂಗ್ಕೋರ್ ವಾಟ್ ಬಿಟ್ಟು ಇಲ್ಲಿಗೆ ಬರಬೇಕು. ಇದನ್ನು ಪ್ರಭಾವವೆಂದು ಓದಬಾರದು. ಒಂದೇ ಭೂಗೋಳ ಕಲ್ಪನೆಯನ್ನು ಹಂಚಿಕೊಂಡ ಧರ್ಮಗಳು ತಮ್ಮ ತಮ್ಮ ನೀರಿನಲ್ಲಿ ಬೇರೆ ಬೇರೆಯಾಗಿ ಕಟ್ಟಿದವು, ಅಷ್ಟೆ. ಮಹಾವೀರನ ನಿರ್ವಾಣಭೂಮಿಯಾದ ಪಾವಾಪುರಿಯ ಜಲಮಂದಿರವೂ ತಾವರೆಗೆರೆಯ ನಡುವೆ ನಿಂತುದೇ. ಭಕ್ತರು ಚಿತಾಸ್ಥಳದ ಮಣ್ಣನ್ನು ಚಿಟಿಕೆ ಚಿಟಿಕೆಯಾಗಿ ಒಯ್ದು ಒಯ್ದು ಅಲ್ಲಿ ಕೆರೆಯಾಯಿತೆಂಬುದು ಐತಿಹ್ಯ.

ಪುರಾಣದಿಂದ ಶಾಸನಕ್ಕೆ ಇಳಿದರೂ ನೀರು ಬಿಡುವುದಿಲ್ಲ. ವಿಜಯನಗರದ ದೇವರಾಯನು 1424ರಲ್ಲಿ ವರಂಗ ಗ್ರಾಮವನ್ನೇ ಅಲ್ಲಿಯ ನೇಮಿನಾಥನಿಗೆ ದತ್ತಿಯಾಗಿ ಬಿಟ್ಟನು. ಆ ಕಾಲದ ದಾನಪತ್ರಗಳಲ್ಲಿ ಗ್ರಾಮದೊಡನೆ ಸಲ್ಲುವ ಅಷ್ಟಭೋಗಗಳ ಪಟ್ಟಿ ಶಾಸನ ಓದುವವರಿಗೆಲ್ಲ ಕಂಠಸ್ಥ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಕಲ್ಲಿಗಿಂತ ಮೊದಲು ನೀರನ್ನು ಹೇಳಿದೆ. ದೇವರ ನೈವೇದ್ಯವೂ ಮುನಿಗಳ ಆಹಾರದಾನವೂ ಗದ್ದೆಯ ಹುಟ್ಟುವಳಿಯಿಂದ, ಹುಟ್ಟುವಳಿ ನೀರಿನಿಂದ. ಶ್ರವಣಬೆಳಗೊಳದ ಹೆಸರಿನಲ್ಲಿಯೂ ಕೊಳವಿದೆ, ಬಿಳಿಯ ಕೊಳ. ಹೊಂಬುಜದ ಪದ್ಮಾವತಿಯ ಸನ್ನಿಧಿಯಲ್ಲಿ ಮುತ್ತಿನ ಕೆರೆಯಿದೆ, ವರಂಗದ ಬಸದಿಗಳು ಇಂದು ಇರುವುದೂ ಅದೇ ಹೊಂಬುಜ ಮಠದ ಆಡಳಿತದಲ್ಲಿ. ಬಸದಿಯನ್ನು ನೀರಿನಿಂದ ಬಿಡಿಸಿ ಚೌಕಟ್ಟಿನೊಳಗಿಟ್ಟರೆ ಈ ಸಂಬಂಧಗಳೆಲ್ಲ ಅಂಚಿನಾಚೆ ಬೀಳುತ್ತವೆ.

ಹೀಗೆಂದು ಛಾಯಾಚಿತ್ರವನ್ನು ತಳ್ಳಿಹಾಕುವಂತಿಲ್ಲ. ಪಾದೂರು ಗುರುರಾಜ ಭಟ್ಟರು ತುಳುನಾಡಿನ ಇತಿಹಾಸ ಮತ್ತು ಸಂಸ್ಕೃತಿಯನ್ನು ಕುರಿತ ತಮ್ಮ 1975ರ ಉದ್ಗ್ರಂಥಕ್ಕೆ ಹೇರಳವಾದ ಚಿತ್ರಫಲಕಗಳನ್ನು ಸೇರಿಸಿದರು. ಆ ಕಪ್ಪುಬಿಳುಪು ಚಿತ್ರಗಳಲ್ಲಿ ಸೊಗಸಿನ ಹಂಬಲವಿಲ್ಲ. ಮೂರ್ತಿಯ ಲಕ್ಷಣ ಕಾಣಬೇಕು, ಕಾಲನಿರ್ಣಯಕ್ಕೆ ಒದಗಬೇಕು, ಅಷ್ಟೇ ಉದ್ದೇಶ. ಪ್ರತಿಬಿಂಬದ ಚಿತ್ರವೂ ಹಾಗೆ ಒದಗಬಲ್ಲುದು, ತೆಗೆಯುವವರು ಮನಸ್ಸುಮಾಡಿದರೆ. ನೀರಿನಲ್ಲಿ ತೋರುವ ರೂಪ ಮೇಲಿನದರ ಪಡಿಯಚ್ಚಲ್ಲ. ಅದು ನೀರಿನ ಮಟ್ಟದ ಕೆಳಗೆ ಕಣ್ಣಿಟ್ಟು ಮೇಲಕ್ಕೆ ನೋಡಿದಂತಹ ನೋಟ. ಆದ್ದರಿಂದ ದಡದಲ್ಲಿ ನಿಂತ ಕಣ್ಣಿಗೆ ಮರೆಯಾದ ಮಾಡಿನ ಅಡಿಭಾಗ ಪ್ರತಿಬಿಂಬದಲ್ಲಿ ಹೆಚ್ಚು ಕಾಣಿಸುತ್ತದೆ. ಹಿಂದಿನ ಬೆಟ್ಟ ಮಾತ್ರ ಮೇಲಿನ ಚಿತ್ರದಲ್ಲಿರುವುದಕ್ಕಿಂತ ಕುಗ್ಗಿ, ಬಸದಿಯ ಮರೆಗೆ ಸರಿಯುತ್ತದೆ. ಕಟ್ಟಡದ ಚಿತ್ರವನ್ನೇ ಕಂಪ್ಯೂಟರಿನಲ್ಲಿ ಮಗುಚಿ ಕೆಳಗೆ ಅಂಟಿಸಿದ ಕೃತಕ ಪ್ರತಿಬಿಂಬಗಳನ್ನು ಈ ಎರಡು ಗುರುತುಗಳಿಂದಲೇ ಹಿಡಿಯಬಹುದು. ಅವುಗಳಲ್ಲಿ ಬೆಟ್ಟ ಮೇಲೆಷ್ಟೋ ಕೆಳಗೂ ಅಷ್ಟೇ ಎತ್ತರ.

ಚಿತ್ರದೊಡನೆ ತಿಂಗಳು, ವರ್ಷ, ದಿಕ್ಕು ಬರೆದಿಟ್ಟರೆ ಅದು ದಾಖಲೆ. ಕಾರ್ತಿಕದ ಬೆಳಗಿನಲ್ಲಿ, ಕಡಲ ಗಾಳಿ ಏಳುವ ಮುನ್ನ ತೆಗೆದ ತುಂಬುಕೆರೆಯ ಚಿತ್ರಕ್ಕೆ ಮೆಚ್ಚುವವರು ಬಹಳ. ವಾಸ್ತು ಅಭ್ಯಾಸಿಗೆ ಬೇಕಾದುದು ವೈಶಾಖದ ಚಿತ್ರ. ಆಗ ಪ್ರತಿಬಿಂಬ ಅಷ್ಟು ಚೆಲುವಾಗಿರುವುದಿಲ್ಲ, ನೀರು ತಗ್ಗಿರುತ್ತದೆ, ಉಳಿದ ಕಾಲದಲ್ಲಿ ಮುಳುಗಿರುವ ಅಡಿಪಾಯದ ಕಲ್ಲುಸಾಲು ಹೊರಗೆ ಕಾಣುವ ಅವಕಾಶವಿರುತ್ತದೆ.